ಅಡಿಕೆ ಸೋಗೆಯ ಟ್ರಾನ್ಸ್‌ಪರೆನ್ಸಿ ಮ್ಯಾಪ್ ನಾವೇ ಮಾಡ್ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಅನಿಮೇಷನ್, ಗೇಮ್ ಡಿಸೈನ್ ಕೋರ್ಸ್‌ಗಳ ಬಗ್ಗೆ ಆಗಾಗ ಬರ್ತಿರತ್ತೆ, ಓದಿ ಖುಷಿ ಆಗತ್ತೆ. ಆದ್ರೆ ನಮ್ಮ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಹುಡುಗ್ರು ಹುಡುಗೀರು ಅದನ್ನ ಕಲಿತು ಬಂದ್ಮೇಲೂ ಅವರ ಕಂಪ್ಯೂಟರ್ ಚಿತ್ರದಲ್ಲಿ ಮಲೆನಾಡು ಕಾಣಲ್ಲ ಅನ್ನೋದು ನನ್ನ ಸಂಕಟ. ಹೋಂಸ್ಟೇಗೋ ಮನೆ ಪ್ಲಾನಿಗೋ ತ್ರೀಡಿ ಮಾಡಿ ಸುತ್ತ ಅಡಿಕೆ ತೋಟ ಅಂತ ತೋರಿಸ್ತಾರೆ, ಕಣ್ಣಿಟ್ಟು ನೋಡಿದ್ರೆ ತೆಂಗಿನ ಗರಿ! ಅಡಿಕೆ ಸೋಗೆ ಎಸಳು ಅಗಲ, ತುದೀಲಿ ಒಂದಕ್ಕೊಂದು ಕೂಡ್ಕೊಂಡು ಅಂಚು ಕಚ್ಚಿ ಹರಿದ ಹಾಗಿರತ್ತೆ, ಬುಡದಲ್ಲಿ ನುಣ್ಣಗೆ ಹಸಿರು ಹಾಳೆ ಸುತ್ತಿರತ್ತೆ, ತೋಟದ ಮನೆ ಮಗುಗೂ ಗೊತ್ತಿರೋದು ಇದು.

ಯಾಕೆ ಹೀಗಾಗತ್ತೆ ಅಂದ್ರೆ ರೆಡಿ ಸಿಗೋ ಮರ ಗಿಡಗಳನ್ನ ಡೌನ್‌ಲೋಡ್ ಮಾಡಿ ಹಾಕೋದನ್ನಷ್ಟೇ ಹೇಳಿಕೊಡ್ತಾರೆ. ನನ್ನ ಪರಿಚಯದ ಒಬ್ಬ ಹುಡುಗಿ ಒಂದು ತರಬೇತಿ ಕೇಂದ್ರದಲ್ಲಿ ದುಡ್ಡು ಕಟ್ಟಿ ಕಲಿತು ಬಂದ್ಲು, ಟ್ರಾನ್ಸ್‌ಪರೆನ್ಸಿ ಮ್ಯಾಪ್ (ಎಲೆ ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರ್ದು ಅಂತ ಕಂಪ್ಯೂಟರಿಗೆ ಹೇಳೋ ಚಿತ್ರ) ಸ್ವಂತ ಮಾಡೋದು ಹೇಗೆ ಅಂತ ಅಲ್ಲಿ ಒಂದು ಕ್ಲಾಸೂ ಆಗ್ಲಿಲ್ವಂತೆ. ಸ್ವಂತ ಎಲೆ ಮಾಡೋಕೆ ಹೊರಟವರು ಸಿಕ್ಕಿಬೀಳೋದು ಅಲ್ಲೇ.

ವಿಷಯ ಕಷ್ಟದ್ದೇನಲ್ಲ. ತ್ರೀಡಿಯಲ್ಲಿ ಎಲೆ ಅಂದ್ರೆ ಒಂದು ಚಪ್ಪಟೆ ಚೌಕ, ಅದರ ಮೇಲೆ ಎಲೆ ಫೋಟೊ, ಅದೇ ಅಳತೆಯ ಇನ್ನೊಂದು ಕಪ್ಪು ಬಿಳುಪು ಚಿತ್ರ ಜೊತೆಗೆ, ಅದೇ ಟ್ರಾನ್ಸ್‌ಪರೆನ್ಸಿ ಮ್ಯಾಪ್. ಬಿಳಿ ಇದ್ದಲ್ಲಿ ಎಲೆ ಕಾಣತ್ತೆ, ಕಪ್ಪು ಇದ್ದಲ್ಲಿ ಏನೂ ಇಲ್ಲ, ಬೂದು ಇದ್ದಲ್ಲಿ ಅರೆಬರೆ. ಮದುವೆ ಕಾರ್ಡಿನ ಸ್ಕ್ರೀನ್ ಪ್ರಿಂಟಿಂಗಲ್ಲಿ ಇಂಕು ಎಲ್ಲಿ ಇಳೀಬೇಕು ಎಲ್ಲಿ ಇಳೀಬಾರ್ದು ಅಂತ ಪರದೆ ಹೇಳತ್ತಲ್ಲ, ಹಾಗೆ. ಕೆಲವು ಸಾಫ್ಟ್‌ವೇರಲ್ಲಿ ಇದು ಉಲ್ಟಾ ಇರತ್ತೆ, ಆಗ ಇನ್ವರ್ಟ್ ಮಾಡಿದ್ರಾಯ್ತು, ಅಂದ್ರೆ ಕಪ್ಪು ಬಿಳುಪು ಅದಲು ಬದಲು.

ಜನ ಎಡವೋದೆಲ್ಲಿ ಅಂದ್ರೆ, ಫೋಟೊವನ್ನ ಸುಮ್ನೆ ಬ್ಲಾಕ್ ಅಂಡ್ ವೈಟ್ ಮಾಡಿ ಅದನ್ನೇ ಆಲ್ಫಾಗೆ (ಪಾರದರ್ಶಕತೆ ಹೇಳೋ ಜಾಗಕ್ಕೆ) ಜೋಡಿಸಿಬಿಡ್ತಾರೆ. ಫೋಟೊದಲ್ಲಿ ಎಷ್ಟು ಬೆಳಕಿದೆ ಅನ್ನೋದಕ್ಕೂ ಎಲೆ ಎಷ್ಟು ಪಾರದರ್ಶಕ ಅನ್ನೋದಕ್ಕೂ ಸಂಬಂಧಾನೇ ಇಲ್ಲ, ಹಾಗಾಗಿ ಕಡು ಹಸಿರು ಎಲೆ ಗಾಜಿನ ಥರ ಆಗಿ ಹಿಂದಿನ ಗೋಡೆ ಕಾಣೋಕೆ ಶುರುವಾಗತ್ತೆ. ಬಿಸಿಲಿಗೆ ಹಿಡಿದಾಗ ಎಲೆಯೊಳಗೆ ಬೆಳಕು ಹಾಯೋದು ಬೇರೆ, ಅದಕ್ಕೆ ಬೇರೆ ಮ್ಯಾಪೇ ಇದೆ, ಎರಡನ್ನೂ ಕಲಸಬಾರ್ದು.

ಸರಿಯಾದ ದಾರಿ ಹೇಳ್ತೀನಿ, ಗಿಂಪ್ ಅನ್ನೋ ಉಚಿತ ಸಾಫ್ಟ್‌ವೇರೇ ಸಾಕು. ಜರಿಗಿಡದ ಒಂದು ಎಲೆ ಕಿತ್ತು ಬಿಳಿ ಹಾಳೆ ಮೇಲೆ ಚಪ್ಪಟೆಯಾಗಿ ಹರಡಿ ಜಗಲಿಯಲ್ಲಿಟ್ಟು ಮೇಲಿಂದ ನೇರ ಫೋಟೊ ತೆಗೀಬೇಕು, ನಮ್ಮ ಮಳೆಗಾಲದ ಮೋಡದ ಬೆಳಕು ಇದಕ್ಕೆ ಬಹಳ ಒಳ್ಳೇದು, ಗಟ್ಟಿ ನೆರಳು ಬೀಳಲ್ಲ. ಆಮೇಲೆ ಚಿತ್ರವನ್ನ ಡಿಕಂಪೋಸ್ ಮಾಡಿ ಕೆಂಪು, ಹಸಿರು, ನೀಲಿ ಮೂರು ಚಾನೆಲ್ ಬಿಡಿಸಿ ನೀಲಿಯದನ್ನ ಮಾತ್ರ ಇಟ್ಕೊಳ್ಳಿ. ಹಸಿರೆಲೆ ನೀಲಿ ಬೆಳಕನ್ನ ಹೆಚ್ಚು ಹೀರ್ಕೊಳ್ಳತ್ತೆ, ಬಿಳಿ ಹಾಳೆ ಪೂರ್ತಿ ವಾಪಸ್ ಕೊಡತ್ತೆ, ಅದಕ್ಕೇ ಆ ಚಾನೆಲಲ್ಲಿ ಎಲೆ ಕಪ್ಪಗೆ, ಹಾಳೆ ಬೆಳ್ಳಗೆ ನಿಂತಿರತ್ತೆ. ಅದನ್ನ ಇನ್ವರ್ಟ್ ಮಾಡಿ ಲೆವೆಲ್ಸ್ ಅನ್ನೋ ಆಯ್ಕೆಯಲ್ಲಿ ಕಪ್ಪು, ಬಿಳಿ ಎರಡೂ ತುದಿಯ ಗುರುತನ್ನ ಒಳಗೆ ಎಳೆದು ಬೂದು ಕಮ್ಮಿ ಮಾಡಿದ್ರೆ ಮ್ಯಾಪ್ ಮುಕ್ಕಾಲು ಆಯ್ತು. ನಡುನರ ಮಿನುಗಿದ ಕಡೆ ಬೂದು ಕಲೆ ಉಳಿದಿರತ್ತೆ, ಎಲೆಚುಕ್ಕೆ ರೋಗದ ಸೋಗೆ ಆದ್ರೆ ಒಣಗಿದ ಚುಕ್ಕೆಗಳೂ ತೂತಿನ ಹಾಗೆ ಬರಬಹುದು, ಬಿಳಿ ಬ್ರಷ್ ತಗೊಂಡು ತುಂಬಬೇಕು. ಹುಳ ತಿಂದ ನಿಜವಾದ ತೂತನ್ನ ಮಾತ್ರ ಮುಚ್ಚಬೇಡಿ, ಅದು ಇದ್ರೇನೇ ಎಲೆ ನಮ್ಮ ಊರಿಂದು ಅನ್ಸತ್ತೆ.

ಇಷ್ಟು ಮಾಡಿದ್ಮೇಲೂ ಅಂಚಲ್ಲಿ ಬಿಳಿ ಗೆರೆ ಉಳಿಯತ್ತೆ, ಅದು ಹಿಂದಿದ್ದ ಹಾಳೆ ಬಣ್ಣ. ಮ್ಯಾಪನ್ನ ಒಂದು ಪಿಕ್ಸೆಲ್ ಒಳಗೆ ತಗೊಂಡು, ಬಣ್ಣದ ಚಿತ್ರದಲ್ಲಿ ಎಲೆಯ ಹಸಿರನ್ನ ಅಂಚಿನಿಂದ ಆಚೆಗೆ ಸ್ವಲ್ಪ ಹರಡಿಬಿಟ್ರೆ ಹೋಗತ್ತೆ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಲ್ಲಿ ಹಾಕೋವಾಗ ಮ್ಯಾಪಿನ ಕಲರ್ ಸ್ಪೇಸ್ ನಾನ್-ಕಲರ್ ಅಂತ ಇಡಬೇಕು, ಇಲ್ಲಾಂದ್ರೆ ಬೂದು ಅಂಚಿನ ಲೆಕ್ಕ ತಪ್ಪತ್ತೆ. ಸೇವ್ ಮಾಡೋದು ಪಿಎನ್‌ಜಿಯಲ್ಲೇ, ಜೆಪಿಇಜಿ ಆದ್ರೆ ಅಂಚಿನ ಸುತ್ತ ಕೊಳೆ ಕೂರತ್ತೆ. ವಾಟ್ಸಾಪಲ್ಲಿ ಕಳಿಸೋದಾದ್ರೆ ಫೋಟೊ ಅಂತ ಕಳಿಸ್ಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ.

ಎಲೆಗಷ್ಟೇ ಅಲ್ಲ ಇದು. ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಣ್ಮಕ್ಕಳು ಕೆಮ್ಮಣ್ಣು ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯೋ ಹಸೆ ಚಿತ್ತಾರ ಇದೆಯಲ್ಲ, ಅಲ್ಲೂ ಅದೇ ನೀಲಿ ಚಾನೆಲ್ ಕೆಲ್ಸಕ್ಕೆ ಬರತ್ತೆ. ಕೆಮ್ಮಣ್ಣಲ್ಲಿ ನೀಲಿ ಕಮ್ಮಿ, ಬಿಳಿ ಗೆರೆಯಲ್ಲಿ ಜಾಸ್ತಿ, ಇನ್ವರ್ಟ್ ಮಾಡೋದೂ ಬೇಡ, ಗೆರೆ ಮಾತ್ರ ಬಿಡಿಯಾಗಿ ಎದ್ದು ಬರತ್ತೆ, ಯಾವ ಗೋಡೆ ಮೇಲೆ ಬೇಕಾದ್ರೂ ಕೂರಿಸ್ಬಹುದು. ಆದ್ರೆ ಬರೆದ ಹೆಂಗಸಿನ ಒಪ್ಪಿಗೆ ಕೇಳ್ದೆ, ಅವರ ಹೆಸರು ಹಾಕ್ದೆ ಬಳಸೋದು ಕಳ್ಳತನ ಅಂತಾನೇ ನಾನು ಹೇಳೋದು. ಹಳೇ ಮನೆಗಳ ಮರದ ಜಾಲಂಧ್ರ, ಗುಡಿಗಾರರ ಕೆತ್ತನೆಯಲ್ಲಿ ಕೊರೆದು ಬಿಡಿಸಿದ ಬಳ್ಳಿ, ಇವಕ್ಕೂ ಮ್ಯಾಪ್ ಮಾಡ್ಬಹುದು, ದೂರದಿಂದ ನೋಡೋ ದೃಶ್ಯಕ್ಕೆ ಧಾರಾಳ ಸಾಕು.

ಹಾಗಾಗಿ ನನ್ನ ಕೋರಿಕೆ ಇಷ್ಟು. ತರಬೇತಿ ಕೊಡೋರು ಡೌನ್‌ಲೋಡ್ ಮಾಡ್ಸೋದಕ್ಕೆ ಮುಂಚೆ ತೋಟಕ್ಕೆ ಕಳಿಸಿ ಒಂದೊಂದು ಎಲೆ ತರ್ಸಲಿ, ಅದರ ಬಣ್ಣದ ಚಿತ್ರ, ಟ್ರಾನ್ಸ್‌ಪರೆನ್ಸಿ ಮ್ಯಾಪ್ ಎರಡೂ ವಿದ್ಯಾರ್ಥಿನೇ ಮಾಡ್ಲಿ. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇದನ್ನ ಚಿತ್ರ ಸಮೇತ ಹಂತ ಹಂತವಾಗಿ ಕನ್ನಡದಲ್ಲೇ ಹಾಕಿ. ಮಕ್ಕಳು ಮಾಡಿದ ಎಲೆಗಳನ್ನ ಯಾರು ಬೇಕಾದ್ರೂ ಬಳಸೋ ಹಾಗೆ ಒಂದು ಕಡೆ ಉಚಿತವಾಗಿ ಇಡೋಕೆ ಕಾಲೇಜುಗಳು ಮುಂದೆ ಬಂದ್ರೆ, ಮೊದಲು ಅಡಿಕೆ, ಆಮೇಲೆ ಜರಿ, ಕೇದಿಗೆ, ಕೆಸುವಿನ ಎಲೆಯಿಂದ ಶುರು ಮಾಡ್ಬಹುದು.

ಇಂತಿ,
ಸಾಗರ ತಾಲ್ಲೂಕಿನ ಓದುಗ