ಮಗಳಿಗೊಂದು ಪತ್ರ: ನಿನ್ನ ಗೆಳತಿಯ ಊಟದ ವಿಷಯವಾಗಿ

ಪ್ರೀತಿಯ ಮಗಳೇ,

ನಿನ್ನ ರೂಮಿನ ಗೆಳತಿ ಸೋಮವಾರ, ಸಂಕಷ್ಟಿ, ಏಕಾದಶಿ ಎಂದು ಒಂದಲ್ಲ ಒಂದು ಉಪವಾಸದ ನೆಪ ಹೇಳುತ್ತಾಳೆ, ಮೆಸ್ಸಿನಲ್ಲಿ ಒಂದೇ ಚಪಾತಿಯನ್ನು ಚೂರುಚೂರು ಮಾಡಿ ತಟ್ಟೆಯ ಅಂಚಿಗೆ ಸರಿಸುತ್ತಾಳೆ, ಆದರೆ ಫೋನಿನಲ್ಲಿ ಸದಾ ಅಡುಗೆಯ ವಿಡಿಯೊಗಳನ್ನೇ ನೋಡುತ್ತಾಳೆ, ಕೇಳಿದರೆ ಸಿಡುಕುತ್ತಾಳೆ ಎಂದು ನೀನು ಬರೆದಿದ್ದೀಯ. ಅದನ್ನು ಹಟವೆಂದು ತಿಳಿಯಬೇಡ. ನೋಡಿ ಹೇಳಬೇಕಾದವರು ವೈದ್ಯರೇ, ಆದರೂ ಈ ಲಕ್ಷಣಗಳು, ದಪ್ಪಗಾಗುವ ಭಯದಿಂದ ಊಟವನ್ನೇ ದೂರವಿಡುವ ಅನೊರೆಕ್ಸಿಯಾ ಎಂಬ ಮನಸ್ಸಿನ ಕಾಯಿಲೆಯನ್ನು ಹೋಲುತ್ತವೆ.

1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದರು. ತೆಳ್ಳಗಾಗಬೇಕೆಂದು ಹೋದವರಲ್ಲ ಅವರು. ಆದರೂ ದಿನ ಕಳೆದಂತೆ ಅವರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು, ತಟ್ಟೆಯ ಮುಂದೆ ಬಹಳ ಹೊತ್ತು ಕೂತರು, ಗೆಳೆಯರಿಂದ ದೂರವಾದರು, ಸಣ್ಣ ಮಾತಿಗೂ ರೇಗಿದರು. ಹಸಿವೇ ಮನಸ್ಸನ್ನು ಹೀಗೆ ಹಿಡಿದುಕೊಂಡಿರುವಾಗ, ಊಟದ ಹೊತ್ತಿನಲ್ಲಿ ಅವಳೊಡನೆ ವಾದಕ್ಕಿಳಿದು ಫಲವಿಲ್ಲ.

ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ನಿನ್ನ ಊಟ ನೀನು ಮಾಡು, ಬೇರೆ ಏನಾದರೂ ಮಾತನಾಡು. ಅವಳ ಮೈಕಟ್ಟಿನ ಬಗ್ಗೆ ಹೊಗಳಿಕೆಯನ್ನೂ ಆಡಬೇಡ. "ಈಗ ಸ್ವಲ್ಪ ಮೈ ತುಂಬಿಕೊಂಡಿದ್ದೀಯ" ಎಂದು ನಾವು ಅಕ್ಕರೆಯಿಂದ ಹೇಳುವುದು ಅವಳಿಗೆ ಚುಚ್ಚುಮಾತಾಗಿ ಕೇಳಿಸಬಹುದು. ಇಬ್ಬರೇ ಇರುವಾಗ, "ನಿನಗೆ ತಲೆಸುತ್ತು ಬಂದದ್ದು ನೋಡಿ ಹೆದರಿಕೆಯಾಯಿತು ಕಣೇ, ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ" ಎನ್ನು. ಸಿಟ್ಟಾದರೆ ಆಗಲಿ, ಕೆಲವು ದಿನ ಬಿಟ್ಟು ಮತ್ತೆ ಹೇಳು.

ಯಾರಿಗೂ ಹೇಳಬೇಡವೆಂದು ಅವಳು ಆಣೆ ಹಾಕಿಸಿದರೂ ಒಪ್ಪಬೇಡ. ವಾರ್ಡನ್‌ಗೂ ಅವಳ ಮನೆಯವರಿಗೂ ತಿಳಿಯಲೇಬೇಕು. ಊಟವಾದೊಡನೆ ವಾಂತಿ ಮಾಡಿಕೊಳ್ಳುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಎಚ್ಚರ ತಪ್ಪಿ ಬಿದ್ದರೆ ಅಥವಾ ಎದೆ ವಿಪರೀತ ಹೊಡೆದುಕೊಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡು. ಪ್ರೀತಿಯಿಂದಲೇ ಆದರೂ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸಲು ಹೋಗಬೇಡ. ಬಹುಕಾಲ ಹಸಿದ ದೇಹಕ್ಕೆ ದಿಢೀರನೆ ಆಹಾರ ಬಿದ್ದರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು, ಆದ್ದರಿಂದ ಊಟ ಹೆಚ್ಚಿಸುವ ಕ್ರಮವನ್ನು ವೈದ್ಯರೇ ನಿರ್ಧರಿಸಲಿ.

ಮನಸ್ಸಿನ ವಿಷಯವನ್ನು ಕನ್ನಡದಲ್ಲೇ ಕೇಳಿಕೊಳ್ಳಲು ಟೆಲಿ ಮಾನಸ್ ಇದೆ, ಸಂಖ್ಯೆ 14416. ನೀನೂ ಕರೆ ಮಾಡಬಹುದು. ಅವಳ ತಾಯಿಗೆ ಹೇಗೆ ಹೇಳುವುದೆಂದು ತೋಚದಿದ್ದರೆ ನಂಬರು ಕಳಿಸು, ನಾನೇ ಮಾತನಾಡುತ್ತೇನೆ.

ನಿನ್ನ ಅಮ್ಮ