ಕೆಂಬಾಳೆಗೊಂದು ಪತ್ರ: ಕೆರಿ ದಂಡಿ, ಎರಡು ರಾತ್ರಿ, ಅರ್ಧ ಇಂಚಿನ ನಳ

ಲೇ ಕೆಂಬಾಳೆ,

ನಿನ್ನ ಮೆಸೇಜು ಇದ್ದದ್ದು ಎರಡೇ ಸಾಲು. "ಎಳ್ಳ ಅಮಾಸಿ ಮುಗಿಸಿ ಕೆರಿ ದಂಡಿ ಕ್ಯಾಂಪಿಗೆ ಎರಡು ರಾತ್ರಿ ಹೋಗೂನು, ಈ ಸಲ ಅವ್ವನೂ ಮಗಳೂ ಬರ್ತಾರ. ಏನೇನು ತರಬೇಕು ಹೇಳು." ಫೋನ್ ಮಾಡಿ ಹೇಳಿದ್ರ ಹತ್ತು ಮಿನಿಟಿನ ಮಾತು. ಆದ್ರ ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡಿ ಟೆಂಟ್ ಹಾಕ್ಲಿಕ್ಕ ಹೊಂಟ ಮಂದಿ ಈಗ ಹೆಚ್ಚಾಗ್ಯಾರ. ಅವರಿಗೂ ಉಪಯೋಗ ಆಗ್ಲಿ ಅಂತ ಎಲ್ಲರಿಗೂ ಕಾಣೂಹಂಗ ಬರಿಲತ್ತೀನಿ. ಜಾಗದ ಹೆಸರು ಬರಿಯೂದಿಲ್ಲ, ನಿನಗ ಗೊತ್ತದ. ನಮ್ಮಿಬ್ಬರಿಗೇ ಗೊತ್ತಿರೂ ಆ ಕೊಡೆ ವಿಷಯ ಮಾತ್ರ ಕಮೆಂಟಿನ್ಯಾಗ ತೆಗಿಬ್ಯಾಡ, ಕೈ ಮುಗೀತೀನಿ.

ಮೊದಲು ನೀರು. ನಾವು ಐದು ಮಂದಿ. ಚಳಿಗಾಲದಾಗ ಒಬ್ಬರಿಗೆ ದಿನಕ್ಕ ಮೂರು ಲೀಟರ್ ಕುಡಿಲಿಕ್ಕ ಅಂದ್ರ ಎರಡು ದಿನಕ್ಕ 30 ಲೀಟರ್. ಅಡಗಿಗೆ ದಿನಕ್ಕ 10. ಅಲ್ಲಿಗೆ 50 ಆಯ್ತು. 20 ಲೀಟರಿನ ಮೂರು ಕ್ಯಾನ್ ತಗೊ, ಉಳಿದ 10 ಲೀಟರ್ ಬಾಯಿ ಮುಕ್ಕಳಿಸ್ಲಿಕ್ಕ, ಕೈ ತೊಳಿಲಿಕ್ಕ. ಅಲ್ಲಿನ ಟಾಕಿ ನೀರು ಭಾಂಡಿ ತಿಕ್ಕಲಿಕ್ಕ, ಸಂಡಾಸಕ್ಕ ಅಷ್ಟ. ಬೋರಿನ ನೀರಿನ್ಯಾಗ ಫ್ಲೋರೈಡ್ ಅದ ಅಂತ ನೀ ಅಂಜಬ್ಯಾಡ. ನಮ್ಮ ಕಡಿ ಭಾಳ ಊರಾಗ ಅದು ಖರೇ, ಕುದಿಸಿದ್ರೂ ಹೋಗಂಗಿಲ್ಲ, ನೀರು ಆವಿ ಆದಷ್ಟೂ ಇನ್ನ ಗಟ್ಟಿ ಆಗ್ತದ. ಆದ್ರ ಎರಡು ದಿನಕ್ಕ ಅದರಿಂದ ಏನೂ ಆಗಂಗಿಲ್ಲ. ಅಂಜಬೇಕಾದದ್ದು ಟಾಕಿ ಮುಚ್ಚಳಕ್ಕ. ಮುಚ್ಚಳ ಗಾಳಿಗೆ ಹಾರಿ ಹೋದ ಟಾಕಿಯೊಳಗ ಹಕ್ಕಿ ಹಿಕ್ಕಿ, ಹಲ್ಲಿ, ಪಾಚಿ ಎಲ್ಲಾ ಇರ್ತಾವ. ಕ್ಯಾನ್ ಮುಗಿದು ಅದನ್ನೇ ಕುಡೀಬೇಕಾದ್ರ ಮೊದಲು ನಾಕು ಮಡಿಕಿ ಮಾಡಿದ ಬಿಳಿ ಪಂಚಿಯೊಳಗ ಸೋಸು, ಆಮ್ಯಾಲ ಕೊತಕೊತ ಕುದಿಸು. ಕ್ಲೋರಿನ್ ಗುಳಗಿ ಹಾಕೂದಿದ್ರೂ ಸೋಸಿಯೇ ಹಾಕು. ನೀರು ರಾಡಿ ಇದ್ರ ಕ್ಲೋರಿನ್ ಎಲ್ಲಾ ರಾಡಿಗೇ ಖರ್ಚಾಗಿ ಕ್ರಿಮಿಗೆ ಏನೂ ಉಳಿಯಂಗಿಲ್ಲ. ಗುಳಗಿ ಹಾಕಿದ ಮ್ಯಾಲ ಅರ್ಧ ತಾಸು ಮುಟ್ಟಬ್ಯಾಡ.

ಇನ್ನ ಆ ಟಾಕಿ ಯಾವಾಗ ನೋಡಿದ್ರೂ ಖಾಲಿ ಯಾಕ ಇರ್ತದ ಅಂತ ಹಿಂದೊಮ್ಮೆ ಕೇಳಿದ್ದಿ. ಬೋರ್ ಬತ್ತಿಲ್ಲ, ಮೋಟರೂ ಸುಟ್ಟಿಲ್ಲ. ಹಿತ್ತಾಳಿ ನಳ ಇದ್ದವು, ಯಾರೋ ಬಿಚ್ಚಿ ಗುಜರಿಗೆ ಹಾಕ್ಯಾರ. ಈಗ ಅಲ್ಲಿ ಗ್ವಾಡಿಯೊಳಗಿನ ಕಬ್ಬಣದ ಎಲ್ಬೋ (ಪೈಪಿನ ಬಾಗಿದ ತುಂಡು) ಬಾಯಿಗೆ ಕಟ್ಟಿಗಿ ತುಂಡಿಗೆ ಅರಬಿ ಸುತ್ತಿ ಬಡದಾರ. ಅದರ ಸಂದಿಯಿಂದ ಸಣ್ಣ ದಾರದಂಗ ನೀರು ಇಳೀತದ. ಒಂದು ಲೀಟರಿನ ಬಾಟ್ಲಿ ಹಿಡಿದು ನೋಡು, ಎರಡು ಮಿನಿಟಿಗೆ ತುಂಬ್ತದ. ಅಂದ್ರ ತಾಸಿಗೆ 30 ಲೀಟರ್. ರಾತ್ರಿ ಎಂಟಕ್ಕ ತುಂಬಿದ 500 ಲೀಟರ್ ಟಾಕಿ ಮರುದಿನ ಮಧ್ಯಾಹ್ನ ಒಂದಕ್ಕ ಖಾಲಿ. ಇಷ್ಟ ಅದರ ಕಥಿ.

ಅದಕ್ಕ ಏನು ತರಬೇಕಂದ್ರ: ಅರ್ಧ ಇಂಚಿನ ಪ್ಲಾಸ್ಟಿಕ್ ನಳ ಒಂದು (ಹಿತ್ತಾಳೀದು ಬ್ಯಾಡ, ಮತ್ತ ಕಳು ಆಗ್ತದ), ಟೆಫ್ಲಾನ್ ಟೇಪ್ ಒಂದು ಸುರುಳಿ, ಒಂದು ಪಾನಾ, ತಂತಿ ಬ್ರಶ್. ಟಾಕಿ ಕೆಳಗಿನ ಗೇಟ್ ವಾಲ್ವ್ ಚಕ್ರ ತಿರುಗ್ತದೇನು ನೋಡು. ಕೈಲೆ ತಿರುಗಿದ್ರ ಛಲೋ, ಮುಚ್ಚಿ ನೀರು ಬಂದ್ ಮಾಡು. ತಿರುಗಲಿಲ್ಲಂದ್ರ ಪಾನಾ ಹಾಕಿ ಜಗ್ಗಬ್ಯಾಡ. ವರ್ಷಗಟ್ಟಲೆ ಒಂದೇ ಕಡಿ ನಿಂತ ವಾಲ್ವಿನ ದಂಡಿ ಒಳಗೇ ಜಂಗ್ ಹಿಡಿದಿರ್ತದ, ಪಟ್ ಅಂತ ಮುರೀತದ, ಆಮ್ಯಾಲ ಇಡೀ ಕ್ಯಾಂಪಿಗೆ ಹನಿ ನೀರಿಲ್ಲ. ಅಂಥ ಹೊತ್ತಿನ್ಯಾಗ ಟಾಕಿ ಖಾಲಿ ಇದ್ದಾಗಲೇ ನಳ ಕೂಡಿಸಿ, ಆಮ್ಯಾಲ ಮೋಟರ್ ಹಚ್ಚಂತ ವಾಚ್‌ಮನ್‌ಗೆ ಹೇಳಬೇಕು. ಕಟ್ಟಿಗಿ ತುಂಡು ಕಿತ್ತು ಎಲ್ಬೋ ಬಾಯಿಯ ಮರಿ (ತಿರುಪಿನ ಗೆರಿ) ಬ್ರಶ್‌ಲೆ ತಿಕ್ಕು. ನಳದ ಮರಿ ನಿನ್ನ ಕಡಿ ಮುಖ ಮಾಡಿ ಹಿಡಿದು, ಗಡಿಯಾರದ ಮುಳ್ಳು ತಿರುಗೂ ದಿಕ್ಕಿಗೆ ಟೇಪ್ ಸುತ್ತು, ಹತ್ತು ಹನ್ನೆರಡು ಸುತ್ತು, ಬಿಗಿಯಾಗಿ. ಉಲ್ಟಾ ಸುತ್ತಿದ್ರ ನಳ ತಿರುವೂ ಮುಂದ ಟೇಪ್ ಬಿಚ್ಚಿಕೊಂಡು ಹೊರಗ ಬರ್ತದ. ಮೊದಲು ಕೈಲೆ, ಆಮ್ಯಾಲ ಪಾನಾಲೆ ಒಂದು ಸುತ್ತು, ಬಾಯಿ ಕೆಳಗಾದಾಗ ನಿಲ್ಲಿಸು. ದಾಟಿ ಹೋಯ್ತಂತ ಹಿಂದಕ್ಕ ತಿರುವಿದ್ರ ಸೋರೂದೇ ಸೈ. ಪೂರಾ ಬಿಚ್ಚಿ ಹೊಸ ಟೇಪ್ ಸುತ್ತಬೇಕು.

ಸಂಡಾಸದ ವಾಸನಿ ಬಗ್ಗೆ ಎಲ್ಲರೂ ಬೈತಾರ, ಬಾಗಿಲ ತೆರೆದು ಮೂಗು ಮುಚ್ಕೊಂಡು ಹೊಳ್ಳತಾರ. ಫಿನಾಯಿಲ್ ಸುರಿತಾರ. ಅದು ಹೊಲಸಿನ ವಾಸನಿ ಅಲ್ಲೋ, ಗುಂಡಿ ವಾಸನಿ. ಬೇಸಿನ್ ಕೆಳಗ ಬಾಗಿದ ಪೈಪಿನ್ಯಾಗ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಆ ನೀರೇ ಗುಂಡಿ ಗಾಳಿಗೆ ಅಡ್ಡ. ಮೂರ್ನಾಕು ವಾರ ಯಾರೂ ಬರಲಿಲ್ಲಂದ್ರ ಅದು ಒಣಗಿ ಹೋಗ್ತದ, ಗಾಳಿ ನೆಟ್ಟಗ ಮ್ಯಾಗ ಬರ್ತದ. ಬೇಸಿನ್ನಿಗೆ ಅರ್ಧ ಬಕೀಟು, ಮೂಲ್ಯಾಗಿನ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೋಗೂ ತೂತು) ಒಂದು ತಂಬಿಗಿ ನೀರು ಹಾಕಿ ಬಾಗಿಲ ತೆರೆದಿಡು, ಅರ್ಧ ತಾಸಿಗೆ ವಾಸನಿ ಹೋಗ್ತದ. ಹೋಗಲಿಲ್ಲಂದ್ರ, ನೀರು ಗುಳುಗುಳು ಅಂತ ಹಿಂದಕ್ಕ ಬಂದ್ರ, ಗುಂಡಿ ತುಂಬ್ಯದ. ಆ ಸಂಡಾಸ ಬಿಟ್ಟು ಮಗ್ಗಲಿಂದು ನೋಡು.

ಟೆಂಟಿಗೆ ಬರೂನು. ಅಲ್ಲಿ ಎರಡು ಥರ ನೆಲ. ಮ್ಯಾಲಿನ ದಿನ್ನಿ ಕೆಂಪು ಮುರುಮು, ಚಿಂಚೋಳಿ ಕಾಡಿನಂಥದೇ, ಕೆಳಗ ಕೆರಿ ಕಡಿ ಎರಿ ಮಣ್ಣು. ಮುರುಮಿನ್ಯಾಗ ಟೆಂಟಿನ ಜೊತಿ ಬರೂ ಅಲ್ಯೂಮಿನಿಯಂ ಗೂಟ ಕಡ್ಡಿಯಂಗ ಬಗ್ತಾವ. ಎಂಟು ಇಂಚಿನ ಕಬ್ಬಣದ ಮಳಿ ಹನ್ನೆರಡು ತಗೊ, ಮಳಿ ತಲಿ ಟೆಂಟಿನಿಂದ ಹೊರಗ ವಾಲೂಹಂಗ ಬಡಿ. ಎರಿ ಮಣ್ಣಿನ್ಯಾಗ ಟೆಂಟ್ ಹಾಕಲೇಬ್ಯಾಡ. ಒಣಗಿದಾಗ ಬಿರುಕು, ಗೂಟ ನಿಲ್ಲಂಗಿಲ್ಲ, ಬಿರುಕಿನ್ಯಾಗ ಚೇಳು. ಹಸಿ ಆದ್ರ ಗಾಡಿ ಹುಗೀತದ. ಶಹಾಬಾದ್ ಪರಸಿ ಹಾಸಿದ ಕಟ್ಟಿ ಅದಲ್ಲ, ಅದು ನೋಡ್ಲಿಕ್ಕ ಸಪಾಟ ಅದ, ಆದ್ರ ಗೂಟ ಹೋಗಂಗಿಲ್ಲ. ನಾಕೂ ಮೂಲಿಗೆ ಹತ್ತು ಹದಿನೈದು ಕಿಲೋ ಕಲ್ಲಿಗೆ ಹಗ್ಗ ಕಟ್ಟಬೇಕು, ಪರಸಿ ಅಂಚಿಗೆ ಹಗ್ಗ ತಾಕೂ ಕಡಿ ಅರಬಿ ಮಡಚಿ ಇಡಬೇಕು, ಇಲ್ಲಂದ್ರ ಗಾಳಿಗೆ ತಿಕ್ಕಿ ತಿಕ್ಕಿ ಹರೀತದ. ಬೆಳಗಿನ ಜಾವ ಆ ಪರಸಿ ಮೈ ಬಿಸಿ ಎಲ್ಲಾ ಜಗ್ಗತದ. ಅವ್ವಗ ಕೆಳಗ ಗೋಣಿಚೀಲ, ಅದರ ಮ್ಯಾಲ ಜಮಖಾನಿ, ಅದರ ಮ್ಯಾಲ ಕೌದಿ. ಹೊಚ್ಕೊಳ್ಳೂದು ಎಷ್ಟ ತಂದ್ರೂ ಕೆಳಗ ಹಾಸೂದು ತೆಳ್ಳಗಿದ್ರ ನಿದ್ದಿ ಬರಂಗಿಲ್ಲ. ಚಳಿ ಅಂತ ಟೆಂಟಿನ ಕಿಡಕಿ ಪೂರಾ ಮುಚ್ಚಬ್ಯಾಡ, ಉಸಿರಿನ ಹಬಿ ಒಳಗೇ ನೀರಾಗಿ ಹಾಸಿಗಿ ತೊಯ್ತದ.

ಹಾಸೂ ಮೊದಲು ಕಸಬರಿಗಿಲೆ ಗುಡಿಸು, ಜಾಲಿ ಮುಳ್ಳು ಇರ್ತಾವ. ಮುಳ್ಳಿಗಿಂತ ಕಾಜು ಹೆಚ್ಚು, ಬಾಟ್ಲಿ ಒಡೆದವರ ಪುಣ್ಯ. ಹಗಲು ಕಾಣಂಗಿಲ್ಲ. ಕತ್ತಲಾದ ಮ್ಯಾಲ ಬ್ಯಾಟ್ರಿ ನೆಲಕ್ಕ ತಾಗಿಸಿ ಅಡ್ಡ ಬೆಳಕು ಬಿಡು, ಒಂದೊಂದು ಚೂರೂ ಮಿಂಚ್ತದ. ಮಗಳಿಗೆ ಚಪ್ಪಲಿ ಬ್ಯಾಡ, ಬೂಟು ಇರ್ಲಿ. ಮುಂಜಾನೆ ಬೂಟು ಝಾಡಿಸಿ ಹಾಕ್ಕೊಳ್ಳಿ. ನೇರಳೆ ಬೆಳಕಿನ ಸಣ್ಣ ಯುವಿ ಬ್ಯಾಟ್ರಿ ಸಿಗ್ತದಲ್ಲ, ಅದರಾಗ ಚೇಳು ಹಸರಾಗಿ ಹೊಳೀತದ. ಮಲಗೂ ಮೊದಲು ಟೆಂಟಿನ ಸುತ್ತ ಒಮ್ಮೆ ಆಡಿಸು.

ಚೇಳು ಕಡೀತೋ, ಹಾವು ಕಡೀತೋ, ಮಂತ್ರ ಹಾಕೂರ ಹತ್ರ ಹೋಗಬ್ಯಾಡ, ಕಟ್ಟು ಕಟ್ಟಬ್ಯಾಡ, ಕೊಯ್ಯಬ್ಯಾಡ. ಕಡದ ಕೈ ಕಾಲು ಅಲುಗಾಡದಂಗ ಇಟ್ಟು ದವಾಖಾನಿಗೆ. ಕೆಂಪು ಚೇಳಿನ ವಿಷಕ್ಕ ಪ್ರಾಜೋಸಿನ್ ಗುಳಗಿ ಬಳಸೂದನ್ನ ತೋರಿಸಿಕೊಟ್ಟವರು ಇಲ್ಲೇ ಮಗ್ಗಲ ಮಹಾರಾಷ್ಟ್ರದ ಮಹಾಡದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. ಅದನ್ನ ಕೊಡೂದು ಬಿಡೂದು ಡಾಕ್ಟರ್ ಕೆಲಸ, ನಾವು ಲಗೂನ ಮುಟ್ಟಸಬೇಕು ಅಷ್ಟ. ಕಟ್ಟುಹಾವು ರಾತ್ರಿ ಮಲಗಿದವರನ್ನ ಕಡೀತದ, ನೋವೇ ಗೊತ್ತಾಗಂಗಿಲ್ಲ. ಅದಕ್ಕ ಟೆಂಟಿನ ಝಿಪ್ ಯಾವಾಗಲೂ ಹಾಕಿರಬೇಕು, ಎರಡು ಮಿನಿಟಿಗೆ ಹೊರಗ ಹೋದ್ರೂ. 108ಕ್ಕ ಫೋನ್ ಎಲ್ಲಿಂದ ಹತ್ತತದ ಅಂತ ಹೋದ ಕೂಡಲೇ ನೋಡಿಟ್ಟಿರೂನು. ವಾಚ್ ಟವರ್ ಕೆಳಗ ಹೆಜ್ಜೇನು ಕಟ್ಟಿರ್ತದ, ಕೆಳಗ ಒಲಿ ಹಚ್ಚಬ್ಯಾಡ, ಅತ್ತರ್ ಹಾಕ್ಕೊಂಡು ಹತ್ತಬ್ಯಾಡ. ಸೋಲಾರ್ ದೀಪದ ಕಂಬ ನೆಚ್ಚಬ್ಯಾಡ, ಪ್ಯಾನಲ್ ಛಲೋ ಇದ್ರೂ ಬ್ಯಾಟರಿ ನಾಕೈದು ವರ್ಷಕ್ಕ ಸಾಯ್ತದ, ಬದಲಿ ಹಾಕಿದವರಿಲ್ಲ.

ಇಷ್ಟು ಬರದು ಸಂಡಾಸದ ಚಿಲಕಕ್ಕ ಬಂದೆ. ಬಾಗಿಲಿಗೆ ಒಳಗ ಚಿಲಕ ಇಲ್ಲ. ನಾಕು ಇಂಚಿನ ಚಿಲಕ, ಮುಕ್ಕಾಲು ಇಂಚಿನ ಸ್ಕ್ರೂ ಎಂಟು, ಸ್ಕ್ರೂಡ್ರೈವರ್ ತಗೊ ಅಂತ ಬರೀಬೇಕು. ಬರಿಯೂ ಮುಂದ ಕೈ ನಿಂತಿತು ನೋಡು.

ಆ ಚಿಲಕ ಇಲ್ಲದ್ದು ನನಗ ಎಷ್ಟೋ ವರ್ಷದಿಂದ ಗೊತ್ತದ. ನಾವು ಗಂಡಸರೇ ಹೋಗ್ತಿದ್ವಿ, ನಡೀತಿತ್ತು. ನಿನ್ನ ಅವ್ವ, ಮಗಳು ಬರ್ತಾರ ಅಂದಾಗ ಮೊದಲ ಸಲ ಅದು ನನಗ ಕೊರತಿ ಅನಿಸ್ತು. ಅಲ್ಲಿಗೆ ಹೆಣ್ಣಮಕ್ಕಳು ಯಾಕ ಬರಂಗಿಲ್ಲ ಅಂತ ನಾ ಒಮ್ಮೆಯೂ ಕೇಳಿಕೊಂಡಿಲ್ಲ. ನಳದ್ದೂ ಹೇಳಿಬಿಡ್ತೀನಿ. ಪ್ರತಿ ಸಲ ಹೊಸ ನಳ ಕೂಡಸ್ತೀನಿ, ಹೊಳ್ಳಿ ಬರೂ ಮುಂದ ಬಿಚ್ಚಿ ಚೀಲಕ್ಕ ಹಾಕ್ಕೊಂಡು, ಅದೇ ಕಟ್ಟಿಗಿ ತುಂಡು ಮತ್ತ ಬಡದು ಬರ್ತೀನಿ. ನೂರು ರೂಪಾಯಿ ಆಸುಪಾಸಿನ ನಳ. ಗೇಟಿನ್ಯಾಗ ಇಟ್ಟ ರಿಜಿಸ್ಟರಿನ್ಯಾಗ ಹೆಸರು, ಗಾಡಿ ನಂಬರ್ ಬರದೀನಿ, ಒಂದು ತಕರಾರು ಬರದಿಲ್ಲ. ಬರದ್ರ ರಿಪೇರಿ ಬಿಟ್ಟು ಕೀಲಿ ಹಾಕ್ತಾರ, ದಿನಗೂಲಿ ವಾಚ್‌ಮನ್ ಬೈಸ್ಕೋತಾನ ಅಂತ ಮನಸಿಗೆ ಹೇಳ್ಕೊಂಡೀನಿ. ಅದೂ ಖರೇನೇ. ಆದ್ರ ಪೂರಾ ಖರೇ ಇದಲ್ಲ. ಕೆಟ್ಟಿದ್ದಕ್ಕೇ ಅಲ್ಲಿ ಮಂದಿ ಇಲ್ಲ, ಮಂದಿ ಇಲ್ಲದ್ದಕ್ಕೇ ಕೆರಿ ಇಡೀ ನಮ್ದು ಅನಸ್ತದ. ಅದು ನನಗ ಹಿತ ಆಗಿತ್ತು, ದೋಸ್ತಾ. ನಮ್ಮ ಭಾಗದಾಗ ಗಿಡದ ನೆರಳು ಇರೂ ಜಾಗ ಬೆರಳೆಣಿಕಿ. ಅಂಥಾದ್ದೊಂದು ಹಾಳಾಗೂದನ್ನ ನೋಡ್ಕೋತ, ನಾ ಅದರೊಳಗ ಹ್ಯಾಂಗ ಆರಾಮ ಇರಬೇಕಂತ ಕಲತೆ.

ಬೀದರದ ಸುರಂಗ ಬಾವಿ ನೆನಪದಲ್ಲ, ನೌಬಾದದ್ದು. ಬಹಮನಿ ಕಾಲದಾಗ ನೆಲದೊಳಗ ನೀರಿನ ದಾರಿ ಕೊರೆಯೂ ಮುಂದ, ನಡುನಡುವ ಮ್ಯಾಲಿಂದ ಬಾವಿಯಂಥ ತೂತು ಇಳಿಸ್ಯಾರ. ಅಗಿಲಿಕ್ಕೂ ಅವೇ, ಆಮ್ಯಾಲ ಒಳಗಿಳಿದು ಹೂಳು ತೆಗಿಲಿಕ್ಕೂ ಅವೇ. ಕಟ್ಟೂವಾಗಲೇ ಮುಂದ ಯಾರೋ ಇಳಿದು ಸ್ವಚ್ಛ ಮಾಡ್ತಾರ ಅಂತ ಲೆಕ್ಕ ಹಿಡಿದು ಕಟ್ಯಾರ. ಈ ಕ್ಯಾಂಪು ಕಟ್ಟಿದವರಿಗೆ ಆ ಲೆಕ್ಕ ಇರಲಿಲ್ಲ ಅಂತ ಬೈಲಿಕ್ಕ ಹೋದ್ರ, ನಾ ಇಳಿದೀನೇನು ಅಂತ ನನಗೇ ಕೇಳಬೇಕಾಗ್ತದ.

ಈ ಸಲ ನಳ ಅಲ್ಲೇ ಇರ್ತದ. ಚಿಲಕನೂ. ರಿಜಿಸ್ಟರಿನ್ಯಾಗ ನೀನೂ ಬರಿ, ನಾನೂ ಬರೀತೀನಿ: ಟಾಕಿ ಮುಚ್ಚಳ, ಗೇಟ್ ವಾಲ್ವ್, ದೀಪದ ಬ್ಯಾಟರಿ, ಎಷ್ಟೆಷ್ಟು ಅಂತ ಲೆಕ್ಕ ಹಾಕಿ. ಅದರ ಫೋಟೋ ತಕ್ಕೊಂಡು ಆಫೀಸಿಗೆ ಅರ್ಜಿ ಕೊಟ್ಟು ಪೋಚ್ ಪಾವತಿ (ಅರ್ಜಿ ಮುಟ್ಟಿದ ರಸೀದಿ) ಇಸ್ಕೊಳ್ಳೂನು.

ಆಯ್ತು ಬಿಡು, ಇಷ್ಟು ಬರಿಯೂ ವಿಚಾರ ಇರಲಿಲ್ಲ. ಊಟದ್ದು ಕೇಳು. ಅಮಾಸಿಯ ಭಜ್ಜಿ ಉಳಿದಿದ್ರ ಮೊದಲ ರಾತ್ರಿಗೆ ಅದು, ಸಜ್ಜಿ ಕಡುಬೂ ತಾ. ಖಡಕ್ ರೊಟ್ಟಿ ಮೂವತ್ತು, ಶೇಂಗಾ ಹಿಂಡಿ ಅರ್ಧ ಕಿಲೋ, ಮೊಸರು ಗಡಿಗಿಯೊಳಗ. ಕಟ್ಟಿಗಿ ಆರಿಸಿ ಬೆಂಕಿ ಹಚ್ಚೂದು ಬ್ಯಾಡ, ಸಣ್ಣ ಗ್ಯಾಸ್ ಒಲಿ ನಾ ತರ್ತೀನಿ. ಗಾಳಿಗೆ ಪರಸಿ ತುಂಡು ಅಡ್ಡ ಇಡೂನು, ಸಿಲಿಂಡರ್ ಮಾತ್ರ ಆ ಅಡ್ಡದ ಹೊರಗ ಇರಬೇಕು, ಇಲ್ಲಂದ್ರ ಕಾಯ್ತದ. ನಾಕು ಗಂಟೆಯೊಳಗ ಬಂದು ಮುಟ್ಟು, ಆರರ ಸುಮಾರಿಗೆಲ್ಲಾ ಹೊತ್ತು ಮುಳಗತದ.

ಮಗಳಿಗೆ ಹೇಳು, ಕೆರಿ ಮ್ಯಾಲ ಮಂಜು ಏಳೂದು ಆರೂವರಿಗೆ, ಎಬ್ಬಸ್ತೀನಿ ಅಂತ. ಕೊಡೆ ಮನ್ಯಾಗೇ ಬಿಟ್ಟು ಬಾ.

ನಿನ್ನ,
ತಕ್ಕಡಿ