ಪಿಕಪ್ ಬೇಕೆಂದು ಪೋರ್ಟ್ ಉಜ್ಜಿಸಬೇಡಿ

ಮಾನ್ಯ ಸಂಪಾದಕರೇ,

ಸಣ್ಣ ಟೂ-ಸ್ಟ್ರೋಕ್ ಆಫ್‌ರೋಡ್ ಬೈಕ್‌ಗಳಿಗೆ ಸಿಗುವ ಸಲಹೆಗಳು ಹೆಚ್ಚಾಗಿ ಮೂರೇ: ದೊಡ್ಡ ಕಾರ್ಬ್ಯುರೇಟರ್ ಹಾಕಿಸಿ, ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ಕಿಂಡಿ) ಉಜ್ಜಿಸಿ, ರೇಸಿಂಗ್ ಪೈಪ್ ಕೂರಿಸಿ. ಮೂರೂ ಮೇಲಿನ ಆರ್‌ಪಿಎಂಗೆ ಸರಿ. ಆದರೆ ಕಲ್ಲು, ಕೆಸರು, ಕಡಿದಾದ ಏರಿನಲ್ಲಿ ಓಡಿಸುವವರಿಗೆ ಬೇಕಾದದ್ದು ಕೆಳಗಿನ ಆರ್‌ಪಿಎಂನ ಎಳೆತ, ಅದನ್ನೇ ಇವು ತಿಂದುಹಾಕುತ್ತವೆ. 125 ಸಿಸಿಯಂಥ ಎಂಜಿನ್‌ನಲ್ಲಿ ಅದು ಮೊದಲೇ ಕಡಿಮೆ. ಒಮ್ಮೆ ಉಜ್ಜಿದ ಪೋರ್ಟನ್ನು ಮೊದಲಿನ ಹಾಗೆ ಮಾಡುವುದೂ ಸುಲಭವಲ್ಲ. ಆದ್ದರಿಂದ ಸಿಲಿಂಡರ್‌ಗೆ ಕೈಹಾಕುವ ಮೊದಲು ಓದುಗರು ಈ ಕೆಲವು ವಿಷಯಗಳನ್ನು ಗಮನಿಸಲಿ ಎಂದು ಈ ಪತ್ರ.

ಪಿಕಪ್ ಇಲ್ಲ ಎನ್ನುವ ಎಷ್ಟೋ ಬೈಕ್‌ಗಳಿಗೆ ಹೊಸ ಭಾಗವೇ ಬೇಕಿಲ್ಲ, ಇದ್ದ ಶಕ್ತಿಯೇ ಸೋರಿಹೋಗುತ್ತಿರುತ್ತದೆ. ಮೊದಲು ರೀಡ್ ವಾಲ್ವ್ (ಕಾರ್ಬ್ಯುರೇಟರ್‌ನಿಂದ ಬಂದ ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ಎಸಳಿನ ಕವಾಟ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಸಳುಗಳು ಚೌಕಟ್ಟಿನ ಮೇಲೆ ಅಂಟಿದಂತೆ ಮಲಗಿರಬೇಕು. ತುದಿ ಒಡೆದಿದ್ದರೆ ಅಥವಾ ಸಂದಿನಲ್ಲಿ ಬೆಳಕು ಢಾಳಾಗಿ ಕಂಡರೆ ಬದಲಿಸಿ. ಎಂಜಿನ್ ನಿಧಾನವಾಗಿ ತಿರುಗುವಾಗ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಕೋಣೆ) ಸೇರಿದ ಗಾಳಿ-ಪೆಟ್ರೋಲ್ ಮಿಶ್ರಣಕ್ಕೆ ಹಿಂದಕ್ಕೆ ಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ, ಜೋರಾಗಿ ತಿರುಗುವಾಗ ಸಿಗುವುದಿಲ್ಲ. ಹಾಗಾಗಿಯೇ ರೀಡ್ ಹಾಳಾದ ಬೈಕ್ ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿ ಓಡಿ ಕೆಳಗಿನ ಆರ್‌ಪಿಎಂನಲ್ಲಿ ಮುಗ್ಗರಿಸುತ್ತದೆ. ಕಾರ್ಬ್ಯುರೇಟರ್‌ನ ಫಿಲ್ಟರ್ ಕಡೆಯ ಬಾಯಿ ಪೆಟ್ರೋಲಿನಿಂದ ಒದ್ದೆಯಾಗುತ್ತಿದ್ದರೆ ಮೊದಲ ಅನುಮಾನ ಇಲ್ಲಿರಲಿ. ಮೆದು ಎಸಳು ಸಣ್ಣ ಸೆಳೆತಕ್ಕೂ ತೆರೆದುಕೊಳ್ಳುವುದರಿಂದ ಕೆಳಗಿನ ಎಳೆತಕ್ಕೆ ಒಳ್ಳೆಯದು, ಆದರೆ ಬೇಗ ಸವೆಯುತ್ತದೆ.

ಎಕ್ಸಾಸ್ಟ್ ಪವರ್ ವಾಲ್ವ್ (ಆರ್‌ಪಿಎಂಗೆ ತಕ್ಕಂತೆ ಎಕ್ಸಾಸ್ಟ್ ಪೋರ್ಟನ್ನು ಕಿರಿದು-ಹಿರಿದು ಮಾಡುವ ಕವಾಟ) ಇರುವ ಎಂಜಿನ್ ಆದರೆ ಅದನ್ನೂ ಬಿಚ್ಚಿ ಮಸಿ ತೆಗೆಯಿರಿ. ಕಡಿಮೆ ಆರ್‌ಪಿಎಂನಲ್ಲಿ ಅದು ಮುಚ್ಚಿರಬೇಕು. ಮಸಿ ಕಟ್ಟಿ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಏರು ಹತ್ತುವ ಶಕ್ತಿ ಹೋಯಿತೆಂದೇ ಲೆಕ್ಕ. ಕ್ರ್ಯಾಂಕ್ ಸೀಲ್‌ಗಳ (ಕ್ರ್ಯಾಂಕ್‌ನ ಎರಡೂ ಕಡೆ ಸೋರಿಕೆ ತಡೆಯುವ ರಬ್ಬರ್ ಉಂಗುರಗಳ) ಪರೀಕ್ಷೆಯನ್ನು ಮಾತ್ರ ಹಲವರು ಬಿಟ್ಟುಬಿಡುತ್ತಾರೆ. ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ರಬ್ಬರ್ ಬಿರಡೆ ಹಾಕಿ, ಪಿಸ್ಟನ್ನನ್ನು ಕೆಳಗಿಳಿಸಿ, 6 ಪಿಎಸ್‌ಐ ಗಾಳಿ ತುಂಬಿ ನೋಡಿ. ಒತ್ತಡ ಮಾಪಕದ ಮುಳ್ಳು ಬೇಗ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲೇಳುತ್ತದೆಂದು ಹುಡುಕಿ. ಮ್ಯಾಗ್ನೆಟೊ ಕಡೆಯ ಸೀಲ್ ಸೋರಿದರೆ ಹೊರಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ (ಅಂದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ; ಹೆಚ್ಚಾದರೆ ದಪ್ಪ), ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ. ಕ್ಲಚ್ ಕಡೆಯದು ಸೋರಿದರೆ ಗೇರ್ ಆಯಿಲ್ ಒಳಗೆ ಉರಿದು ಬಿಳಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ. ಇವನ್ನು ಸರಿಪಡಿಸದೆ ಕಾರ್ಬ್ಯುರೇಟರ್‌ನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಿಸುವುದು ವ್ಯರ್ಥ.

ಜೆಟ್ಟಿಂಗ್ ಎಂದೊಡನೆ ಎಲ್ಲರ ಕೈ ಮೇನ್ ಜೆಟ್‌ಗೆ ಹೋಗುತ್ತದೆ. ಆದರೆ ಥ್ರಾಟಲ್‌ನ ಮೊದಲ ಕಾಲುಭಾಗ ಪೈಲಟ್ ಜೆಟ್, ಏರ್ ಸ್ಕ್ರೂ, ಸ್ಲೈಡ್‌ನ (ಥ್ರಾಟಲ್ ತಿರುಗಿಸಿದಾಗ ಮೇಲೇಳುವ ತುಂಡಿನ) ಕತ್ತರಿಕೆಗೆ ಸೇರಿದ್ದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತಂದು, ಐಡ್ಲಿಂಗ್ ಅತಿ ಹೆಚ್ಚಾಗುವ ಬಿಂದುವನ್ನು ಕಾಲು ಕಾಲು ಸುತ್ತಿನಲ್ಲಿ ಹುಡುಕಿ. ಆ ಬಿಂದು 1 ಸುತ್ತಿಗಿಂತ ಒಳಗೆ ಸಿಕ್ಕರೆ ಪೈಲಟ್ ಜೆಟ್ ಚಿಕ್ಕದಾಯಿತು, ಎರಡೂವರೆಗಿಂತ ಆಚೆ ಸಿಕ್ಕರೆ ದೊಡ್ಡದಾಯಿತು. ನಂತರ ನೀಡಲ್ (ಸ್ಲೈಡ್‌ಗೆ ಸೇರಿದ ಸೂಜಿ) ಕ್ಲಿಪ್: ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರಿ ಮಿಶ್ರಣ ದಪ್ಪವಾಗುತ್ತದೆ. ಥಟ್ಟನೆ ಥ್ರಾಟಲ್ ತೆರೆದಾಗ ಉಸಿರು ಕಟ್ಟಿದಂತೆ ನಿಂತು ಹಿಡಿದುಕೊಂಡರೆ ತೆಳು, ಗುಡುಗುಡು ಎಂದು ತೊದಲಿ ಹೊಗೆಯುಗುಳಿದರೆ ದಪ್ಪ. ದೊಡ್ಡ ಬೋರ್‌ನ ಕಾರ್ಬ್ಯುರೇಟರ್ ಇಲ್ಲಿ ಕೈಕೊಡುವುದಕ್ಕೆ ಕಾರಣವಿದೆ: ಕಡಿಮೆ ಆರ್‌ಪಿಎಂನಲ್ಲಿ ಅದರೊಳಗೆ ಗಾಳಿಯ ವೇಗ ಸಾಲದೆ ಪೆಟ್ರೋಲ್ ಸರಿಯಾಗಿ ಮೇಲೇಳುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಇನ್ನೂ ಬೇಕೆನಿಸಿದರೆ ಸ್ಕ್ವಿಶ್ (ಪಿಸ್ಟನ್ ತೀರಾ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ಇರುವ ಅಂತರ) ಅಳೆಯಿರಿ. ಹೆಡ್ ಬಿಚ್ಚಿ, 2 ಮಿ.ಮೀ. ದಪ್ಪದ ಸೋಲ್ಡರ್ ತಂತಿಯ ತುಂಡುಗಳನ್ನು ಪಿಸ್ಟನ್ ಪಿನ್‌ನ ನೇರಕ್ಕೆ ಎರಡೂ ಅಂಚಿನಲ್ಲಿ ಗ್ರೀಸ್‌ನಿಂದ ಅಂಟಿಸಿ, ಹೆಡ್ ಬಿಗಿದು, ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯ ದಪ್ಪವೇ ಅಂತರ. ಪಿನ್‌ನ ನೇರಕ್ಕೇ ಏಕೆಂದರೆ ಆ ದಿಕ್ಕಿನಲ್ಲಿ ಪಿಸ್ಟನ್ ಓಲಾಡುವುದಿಲ್ಲ. ಅಳತೆ 1.5 ಮಿ.ಮೀ. ಬಂದರೆ ಸಿಲಿಂಡರ್ ಅಡಿಗೆ ತೆಳುವಾದ ಬೇಸ್ ಗ್ಯಾಸ್ಕೆಟ್ ಹಾಕಿ 1.1 ಅಥವಾ 1.2ರ ಹತ್ತಿರ ತರಬಹುದು. ಕಂಪ್ರೆಷನ್ ಏರುವುದರ ಜೊತೆಗೆ ಸಿಲಿಂಡರ್ ಕೆಳಗಿಳಿದು ಎಕ್ಸಾಸ್ಟ್ ಪೋರ್ಟ್ ತಡವಾಗಿ ತೆರೆಯುತ್ತದೆ, ಪಿಸ್ಟನ್ನನ್ನು ತಳ್ಳಲು ಒತ್ತಡಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ಪೋರ್ಟನ್ನು ಮೇಲಕ್ಕೆ ಉಜ್ಜುವುದು ಇದಕ್ಕೆ ತದ್ವಿರುದ್ಧ. ಆದರೆ 1 ಮಿ.ಮೀ.ಗಿಂತ ಕೆಳಗೆ ಇಳಿಸುವ ಆಸೆ ಬೇಡ, ಕ್ರ್ಯಾಂಕ್ ಬೇರಿಂಗ್ ಸಡಿಲವಾದರೆ ಪಿಸ್ಟನ್ ಹೆಡ್ಡಿಗೆ ಬಡಿಯಬಹುದು. ಕೆಲಸ ಮುಗಿದು ಕೆಲವು ಗಂಟೆ ಓಡಿಸಿದ ಮೇಲೆ ಪಿಸ್ಟನ್ ಅಂಚು ಮರಳುಕಾಗದದಂತೆ ತರಿತರಿಯಾಗಿದ್ದರೆ ಅದು ನಾಕಿಂಗ್ (ಮಿಶ್ರಣ ಅಂಕೆ ತಪ್ಪಿ ಸಿಡಿಯುವುದು), ಕೂಡಲೇ ಕಂಪ್ರೆಷನ್ ಇಳಿಸಿ ಅಥವಾ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಬಳಸಿ.

ಫ್ಲೈವೀಲ್‌ಗೆ ತೂಕ ಸೇರಿಸಿದರೆ ಶಕ್ತಿ ಹೆಚ್ಚುವುದಿಲ್ಲ, ಆದರೆ ಕಲ್ಲಿನ ಮೇಲೆ ಎಂಜಿನ್ ಗಪ್ಪನೆ ನಿಲ್ಲುವುದು ತಪ್ಪುತ್ತದೆ.

ಸ್ಪ್ರಾಕೆಟ್ ಕೂಡ ಎಂಜಿನ್ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಆದರೆ ಚಕ್ರಕ್ಕೆ ಸಿಗುವ ಎಳೆತ ಹೆಚ್ಚಿಸಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ. ಮುಂದೆ 13, ಹಿಂದೆ 48 ಹಲ್ಲು ಇದ್ದರೆ ಅನುಪಾತ 3.69. ಮುಂದೆ 12 ಹಾಕಿದರೆ ನೇರವಾಗಿ 4. ಹಿಂದೆ 52 ಹಾಕಿದರೂ 4 ಬರುತ್ತದೆ, ಆದರೆ ಚೈನ್ ಉದ್ದ ಸಾಲದೆ ಹೋಗಬಹುದು. ಮುಂದಿನದನ್ನು ಚಿಕ್ಕದು ಮಾಡಿದಾಗ ಚೈನ್ ಸ್ವಿಂಗ್‌ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರುವ ತೋಳಿಗೆ) ಹತ್ತಿರವಾಗಿ ಅಲ್ಲಿನ ರಬ್ಬರ್ ಪಟ್ಟಿ ಬೇಗ ಸವೆಯುತ್ತದೆ. ಚೈನ್ ತೊಳೆಯುವಾಗಲೆಲ್ಲ ಅದನ್ನೂ ನೋಡುತ್ತಿರಿ.

ಇತಿ,
ಟೂ-ಸ್ಟ್ರೋಕ್ ಮೆಕ್ಯಾನಿಕ್ ಆಗಿರುವ ಓದುಗ